ಗೇರ್‌ಬಾಕ್ಸ್ ಇಳಿಸುವ ಮೊದಲು ಕ್ರಾಸ್ ನೋಡಿ

ಪ್ರಶ್ನೆ: ನನ್ನ ಪಿಕಪ್‌ನಲ್ಲಿ ದಿನಾ ಮಲ್ಪೆ ಬಂದರಿನಿಂದ ಕಾರ್ಕಳಕ್ಕೆ ಮೀನು ತರುತ್ತೇನೆ. ಎರಡು ತಿಂಗಳಿಂದ ರಿವರ್ಸ್ ಬಿಟ್ಟು ಫಸ್ಟ್ ಗೇರ್ ಹಾಕಿ ಕ್ಲಚ್ ಬಿಡುವಾಗ ಅಡಿಯಲ್ಲಿ ‘ಟಣ್’ ಅಂತ ಶಬ್ದ. ಈಗ 60 ದಾಟಿದರೆ ಸೀಟಿನ ಕೆಳಗೆ ನಡುಕವೂ ಉಂಟು. ಒಂದು ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಬೇಕು ಅಂದರು. ಎಂತ ಮಾಡುವುದು?
– ಮೀನು ಗಾಡಿಯವರು, ಕಾರ್ಕಳ

ಉತ್ತರ: ಗೇರ್‌ಬಾಕ್ಸ್ ಈಗಲೇ ಇಳಿಸಬೇಡಿ ಮಾರಾಯ್ರೆ. ನೀವು ಬರೆದ ಎರಡೂ ಲಕ್ಷಣ ಜಾಯಿಂಟ್ ಶಾಫ್ಟಿನ ಕ್ರಾಸ್ ಸವೆದಾಗ ಬರುವಂಥವೇ. ಗೇರ್‌ಬಾಕ್ಸಿನಿಂದ ಹಿಂದಿನ ಗಾಲಿಗಳ ಕಡೆಗೆ ತಿರುಗುವ ಬಲ ಒಯ್ಯುವ ಉದ್ದ ಪೈಪೇ ಜಾಯಿಂಟ್ ಶಾಫ್ಟ್, ಅದು ಬಗ್ಗಿ ತಿರುಗಲಿಕ್ಕೆ ತುದಿಯಲ್ಲಿರುವ ಕೀಲೇ ಕ್ರಾಸ್. ಕ್ರಾಸ್ ನೋಡಲಿಕ್ಕೆ ಹತ್ತು ನಿಮಿಷ ಸಾಕು, ಖರ್ಚೂ ಇಲ್ಲ.

ಕ್ರಾಸ್‌ಗೆ ನಾಲ್ಕು ಕೈ, ಒಂದೊಂದು ಕೈಗೆ ಒಂದೊಂದು ಕಪ್, ಕಪ್ಪಿನ ಒಳಗೆ ಸುತ್ತಲೂ ಸೂಜಿಯಂಥ ನೀಡಲ್‌ಗಳು. ಗ್ರೀಸ್ ಒಣಗಿ ನೀರು ಒಳಗೆ ಹೋದರೆ ನೀಡಲ್ ತುಕ್ಕು ಹಿಡಿದು ಪುಡಿಯಾಗುತ್ತದೆ. ಸಾಮಾನ್ಯವಾಗಿ ಮೊದಲು ನಿಧಾನ ಹೋಗುವಾಗ ಕೀಚ್ ಕೀಚ್ ಅನ್ನುತ್ತದೆ, ಆಮೇಲೆ ಟಣ್, ಕೊನೆಗೆ ನಡುಕ. ಮೀನಿನ ಗಾಡಿಗೆ ಇದು ಬೇಗ ಬರುತ್ತದೆ, ಯಾಕೆಂದರೆ ಐಸ್ ಕರಗಿದ ಉಪ್ಪು ನೀರು ಮಲ್ಪೆಯಿಂದ ಮನೆಯವರೆಗೂ ಅಡಿಗೆ ತೊಟ್ಟಿಕ್ಕುತ್ತಲೇ ಇರುತ್ತದೆ, ಅದರ ಮೇಲೆ ಜೂನ್‌ನಿಂದ ನಮ್ಮ ಮಳೆ ಬೇರೆ.

ಗಾಡಿಯನ್ನು ಸಪಾಟು ಜಾಗದಲ್ಲಿ ನಿಲ್ಲಿಸಿ. ಇಂಜಿನ್ ಆಫ್ ಮಾಡಿ, ಗೇರ್‌ನಲ್ಲಿ ಬಿಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ನಾಲ್ಕೂ ಗಾಲಿಗೆ ಕಲ್ಲು ಕೊಡಿ. ಪಿಕಪ್ ಎತ್ತರ ಉಂಟಲ್ವಾ, ಜಾಕ್ ಬೇಡ. ಬರೀ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಯಾವತ್ತೂ ಹೋಗಬಾರದು. ಈಗ ಶಾಫ್ಟ್ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ. ಸ್ವಲ್ಪ ತಿರುಗಿಯೇ ತಿರುಗುತ್ತದೆ, ಅದು ಡಿಫರೆನ್ಶಿಯಲ್ (ಹಿಂದಿನ ಗಾಲಿಗಳ ನಡುವಿನ ಗೇರ್ ಪೆಟ್ಟಿಗೆ) ಮತ್ತು ಗೇರ್‌ಗಳ ಸಹಜ ಪ್ಲೇ, ಅದನ್ನು ನೋಡಿ ಗಾಬರಿ ಆಗಬೇಡಿ. ನೀವು ನೋಡಬೇಕಾದ್ದು ಕ್ರಾಸನ್ನು ಮಾತ್ರ: ಅದನ್ನು ಆಚೆ ಈಚೆ ಹಿಡಿದಿರುವ ಎರಡು ಯೋಕ್‌ಗಳೂ (ಎರಡೆರಡು ಕಿವಿ ಇರುವ ಕವೆಗಳು) ಒಟ್ಟಿಗೆ ಅಲುಗುತ್ತವಾ, ಅಥವಾ ಒಂದು ಅಲುಗಿದ ಮೇಲೆ ಇನ್ನೊಂದು ತಡವಾಗಿ ಅಲುಗುತ್ತದಾ? ತಡವಾದರೆ ಕ್ರಾಸ್ ಹೋಗಿದೆ. ದೊಡ್ಡ ಸ್ಕ್ರೂಡ್ರೈವರ್ ಕೊಟ್ಟು ಮೇಲೆ ಕೆಳಗೆ ಮೀಟಿಯೂ ನೋಡಿ. ಟಾರ್ಚ್ ಬಿಟ್ಟರೆ ಕಪ್ಪಿನ ಅಂಚಿನಲ್ಲಿ ಖಾರದ ಪುಡಿ ಉದುರಿದ ಹಾಗೆ ಕೆಂಪು ತುಕ್ಕು ಕಾಣುತ್ತದೆ. ಅದು ಕಂಡರೆ ಒಳಗೆ ಗ್ರೀಸ್ ಉಳಿದಿಲ್ಲ ಅಂತಲೇ ಲೆಕ್ಕ. ಹೊರಬರುವ ಮುಂಚೆ ಶಾಫ್ಟನ್ನು ನಡುವೆ ಹಿಡಿದಿಡುವ ಸೆಂಟರ್ ಬೇರಿಂಗ್ ಇದ್ದರೆ ಅದರ ರಬ್ಬರ್ ಹರಿದಿದೆಯಾ ಅಂತಲೂ ನೋಡಿಬಿಡಿ, ನಡುಕಕ್ಕೆ ಅದೂ ಕಾರಣ ಆಗಬಹುದು.

ಬದಲಿಸುವಾಗ ಮೊದಲ ಕೆಲಸ ಗುರುತು. ಫ್ಲಾಂಜ್‌ಗೆ (ಬೋಲ್ಟ್ ಹಾಕುವ ತಟ್ಟೆ), ಶಾಫ್ಟಿಗೆ, ಸ್ಲಿಪ್ ಯೋಕ್‌ಗೆ (ಒಳಗೆ ಹೊರಗೆ ಜಾರುವ ಯೋಕ್) ಬಿಳಿ ಪೇಂಟಿನಲ್ಲಿ ಗೆರೆ ಎಳೆದೇ ಬೋಲ್ಟ್ ಬಿಚ್ಚಬೇಕು. ಕಪ್ ತೆಗೆಯಲಿಕ್ಕೆ ಅದನ್ನು ಹಿಡಿದಿರುವ ಸರ್ಕ್ಲಿಪ್ (ಸ್ಪ್ರಿಂಗ್ ಬಳೆ) ತೆಗೆದು ವೈಸ್‌ನಲ್ಲಿ ಒತ್ತಿಸಿ, ಒಂದು ಕಡೆ ಕಪ್ಪಿಗಿಂತ ಸಣ್ಣ ಸಾಕೆಟ್, ಇನ್ನೊಂದು ಕಡೆ ಕಪ್ ಒಳಗೆ ಹೋಗುವಷ್ಟು ದೊಡ್ಡದು. ಶಾಫ್ಟಿನ ಪೈಪಿಗೆ ಸುತ್ತಿಗೆ ಏಟು ಬೇಡ, ಪೈಪ್ ತಗ್ಗಿದರೆ ಬ್ಯಾಲೆನ್ಸ್ ಹೋಯಿತು. ಹಳೇ ಕ್ರಾಸ್ ಕೈಗೆ ಬಂದ ಮೇಲೆ ಅದರ ಕೈ ಮೇಲೆ ಉಗುರು ಎಳೆಯಿರಿ. ಬಾಚಣಿಗೆ ಹಲ್ಲಿನ ಹಾಗೆ ಸಾಲು ಗೆರೆ ಸಿಕ್ಕಿದರೆ ನೀಡಲ್ ಕಚ್ಚಿದ ಗುರುತು ಅದು.

ಹೊಸ ಕಪ್ ಕೂರಿಸುವಾಗ ನೀಡಲ್‌ಗಳನ್ನು ಗ್ರೀಸ್‌ನಲ್ಲಿ ಅಂಟಿಸಿಕೊಳ್ಳಿ. ಜಾಸ್ತಿ ಜನ ತಪ್ಪುವುದು ಇಲ್ಲೇ. ಒಂದು ನೀಡಲ್ ಜಾರಿ ಕಪ್ಪಿನ ತಳಕ್ಕೆ ಅಡ್ಡ ಬಿದ್ದರೂ ಕಪ್ ಪೂರ್ತಿ ಒಳಗೆ ಹೋಗುವುದಿಲ್ಲ, ಸರ್ಕ್ಲಿಪ್ ಅದರ ಗ್ರೂವ್‌ನಲ್ಲಿ ಕೂರುವುದಿಲ್ಲ, ಆಗ ಸಿಟ್ಟಿನಲ್ಲಿ ಹೊಡೆದು ಕೂರಿಸಿದರೆ ಹೊಸ ಕ್ರಾಸ್ ಅಲ್ಲೇ ಹಾಳು. ಬಿಚ್ಚಿ, ನೀಡಲ್ ಸರಿಮಾಡಿ, ಪುನಃ ಒತ್ತಿ. ಕೂತ ಮೇಲೆ ಜಾಯಿಂಟ್ ಕೈಯಲ್ಲಿ ಸಲೀಸಾಗಿ ಆಡಬೇಕು. ಬಿಗಿ ಅನ್ನಿಸಿದರೆ ಯೋಕ್‌ನ ಕಿವಿಗೆ ಮೆಲ್ಲಗೆ ಒಂದೆರಡು ತಟ್ಟು ತಟ್ಟಿದರೆ ಸಡಿಲ ಆಗುತ್ತದೆ. ಒಂದು ತುದಿಯದ್ದು ಹೋಗಿದ್ದರೆ ಇನ್ನೊಂದನ್ನೂ ಬದಲಿಸಿ, ಅದೂ ಅಷ್ಟೇ ಉಪ್ಪು ನೀರು ಕುಡಿದಿದೆ.

ಗ್ರೀಸ್ ಹೊಡೆಯುವ ನಿಪ್ಪಲ್ ಇರುವ ಕ್ರಾಸನ್ನೇ ಕೇಳಿ ತೆಗೆದುಕೊಳ್ಳಿ. ಗ್ರೀಸ್ ಗನ್ ಹಿಡಿಯಲಿಕ್ಕೆ ಸಿಗುವ ಹಾಗೆ ನಿಪ್ಪಲ್ ತಿರುಗಿಸಿ ಕೂರಿಸಿ. ನಾಲ್ಕೂ ಸೀಲ್‌ನಿಂದ ಹೊಸ ಗ್ರೀಸ್ ಇಣುಕುವವರೆಗೆ ಹೊಡೆಯಬೇಕು, ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಒಂದು ಕಪ್ ಒಣಗಿಯೇ ಉಳಿಯಿತು. ವಾಟರ್ ಸರ್ವಿಸ್ ಮಾಡಿಸಿದ ದಿನವೇ ಗ್ರೀಸನ್ನೂ ಹೊಡೆಸಿ, ಪ್ರೆಶರ್ ನೀರು ಸೀಲ್ ದಾಟಿ ಒಳಗೆ ಹೋಗುತ್ತದೆ.

ಪ್ರಶ್ನೆ: ತೋಟದ ಹಳೇ ಜೀಪಿಗೆ ಎರಡೂ ಕ್ರಾಸ್ ಹೊಸದು ಹಾಕಿಸಿದೆ. ಈಗ ನಡುಕ ಮೊದಲಿಗಿಂತ ಜಾಸ್ತಿ! ಕ್ರಾಸ್ ಡೂಪ್ಲಿಕೇಟ್ ಇರಬಹುದಾ?
– ಅಡಿಕೆ ಕೃಷಿಕರು, ಮೂಡುಬಿದಿರೆ

ಉತ್ತರ: ಇರಬಹುದು, ಆದರೆ ನನ್ನ ಅನುಮಾನ ಜೋಡಣೆ ಮೇಲೆ. ಶಾಫ್ಟಿನ ಎರಡು ತುಂಡನ್ನು ಸ್ಪ್ಲೈನ್‌ನಿಂದ (ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆ) ಎಳೆದು ಬೇರೆ ಮಾಡಿ, ಗುರುತಿಲ್ಲದೆ ಪುನಃ ಸೇರಿಸಿರಬೇಕು. ಬಗ್ಗಿ ತಿರುಗುವ ಒಂದು ಕ್ರಾಸ್ ಸಮ ವೇಗದಲ್ಲಿ ತಿರುಗಿಸುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಶಾಫ್ಟ್ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. 10 ಡಿಗ್ರಿ ಬಾಗಿದ್ದರೆ ವ್ಯತ್ಯಾಸ ಆಚೆ ಈಚೆ ಶೇ. 1.5ರಷ್ಟು, 20 ಡಿಗ್ರಿಗೆ ಶೇ. 6 ದಾಟುತ್ತದೆ. ಇನ್ನೊಂದು ತುದಿಯ ಕ್ರಾಸ್ ಅದನ್ನು ಸರಿದೂಗಿಸಬೇಕಾದರೆ ಶಾಫ್ಟಿನ ಎರಡೂ ತುದಿಯ ಯೋಕ್‌ಗಳು ಒಂದೇ ನೇರಕ್ಕೆ ಇರಬೇಕು. ಅಡಿಗೆ ಹೋಗಿ ಕಣ್ಣಳತೆಯಲ್ಲಿ ನೋಡಿ. ಒಂದರ ಕಿವಿಗಳು ಮೇಲೆ ಕೆಳಗೆ, ಇನ್ನೊಂದರದ್ದು ಓರೆ ಇದ್ದರೆ ಸ್ಪ್ಲೈನ್ ಎಳೆದು ತಿರುಗಿಸಿ ಕೂರಿಸಿ. ಅದಕ್ಕೂ ನಡುಕ ನಿಲ್ಲದಿದ್ದರೆ ಸ್ಪ್ಲೈನ್ ಸವೆದಿದೆಯಾ ಪರೀಕ್ಷಿಸಿ, ಶಾಫ್ಟನ್ನು ಲೇತ್‌ನವರಲ್ಲಿ ಬ್ಯಾಲೆನ್ಸ್‌ಗೆ ಕೊಡಿ.

ಪ್ರಶ್ನೆ: ನನ್ನ ಸಣ್ಣ ಕಾರು ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಟಕ್ ಟಕ್ ಅನ್ನುತ್ತದೆ. ಇದೂ ಕ್ರಾಸ್‌ನದ್ದೇ ತೊಂದರೆಯಾ?
– ಓದುಗರು, ಮಣಿಪಾಲ

ಉತ್ತರ: ನಿಮ್ಮದು ಮುಂದಿನ ಗಾಲಿ ಎಳೆಯುವ ಕಾರಾದರೆ ಅಲ್ಲ. ಅದರಲ್ಲಿ ಇರುವುದು ಸಿವಿ ಜಾಯಿಂಟ್, ಅಂದರೆ ಬಗ್ಗಿದರೂ ಸಮ ವೇಗದಲ್ಲಿ ತಿರುಗಿಸುವ ಕೀಲು. ಗಾಲಿಯ ಒಳಬದಿಯ ರಬ್ಬರ್ ಬೂಟ್ ನೋಡಿ. ಹರಿದು ಸುತ್ತ ಗ್ರೀಸ್ ಎರಚಿದ್ದರೆ, ಟಕ್ ಟಕ್ ಶುರುವಾದ ಮೇಲೆ ಬರೀ ಬೂಟ್ ಬದಲಿಸಿ ಪ್ರಯೋಜನ ಇಲ್ಲ, ಜಾಯಿಂಟನ್ನೂ ಬದಲಿಸಬೇಕಾಗುತ್ತದೆ.