ನಿಮ್ಮ ರಸೀದಿ ಇನ್ನೊಬ್ಬರ ಪ್ರಿಂಟರ್‌ನಲ್ಲಿ ಬಂದರೆ

ಪ್ರಶ್ನೆ: ನಾನು ಸಹಕಾರ ಸಂಘವೊಂದರ ಪಿಗ್ಮಿ ಏಜೆಂಟ್. ಸೊಂಟದ ಚೀಲದಲ್ಲಿ 2 ಇಂಚಿನ ಬ್ಲೂಟೂತ್ ಪ್ರಿಂಟರ್ ಇಟ್ಟುಕೊಂಡು ಮೊಬೈಲ್‌ನಿಂದ ರಸೀದಿ ಕೊಡುತ್ತೇನೆ. ಸಂತೆಯ ದಿನ ನನ್ನ ರಸೀದಿ ಇನ್ನೊಬ್ಬ ಏಜೆಂಟರ ಪ್ರಿಂಟರ್‌ನಲ್ಲಿ ಬಂತು. ಹಿಂದೊಮ್ಮೆ ಚಾರ್ಜ್ ಇಲ್ಲದಾಗ ಅವರ ಪ್ರಿಂಟರ್ ಬಳಸಿದ್ದೆ. ಕೆಲವು ಸಲ ರಸೀದಿ ಅರ್ಧಕ್ಕೇ ನಿಲ್ಲುತ್ತದೆ. ನನ್ನ ಗ್ರಾಹಕರಲ್ಲೊಬ್ಬರಿಗೆ ಪೇಸ್‌ಮೇಕರ್ ಇದೆ, ಅವರಿಗೆ ಇದರಿಂದ ತೊಂದರೆಯೇ?

ಉತ್ತರ: ಎಡವಟ್ಟಾಗಿರುವುದು ಆ ಎರವಲಿನ ದಿನವೇ. ಒಮ್ಮೆ ಪೇರ್ ಮಾಡಿದ ಪ್ರಿಂಟರನ್ನು ಮೊಬೈಲ್ ಮರೆಯುವುದಿಲ್ಲ. ಸಂಘ ಒಟ್ಟಿಗೆ ಕೊಂಡ ಪ್ರಿಂಟರ್‌ಗಳಿಗೆಲ್ಲ ಸಾಮಾನ್ಯವಾಗಿ ಒಂದೇ ಹೆಸರು, ಒಂದೇ ಪಿನ್, 0000 ಇಲ್ಲವೇ 1234. ಹೆಸರು ನೋಡಿ ಆರಿಸಿದರೆ ಯಾವುದು ಯಾರದೆಂದು ತಿಳಿಯದು. ಕಳಿಸಿದವರು ಯಾರೆಂಬ ಪರಿವೆಯಂತೂ ಪ್ರಿಂಟರ್‌ಗೆ ಇಲ್ಲ, ಬಂದದ್ದನ್ನು ಅಚ್ಚು ಹಾಕುತ್ತದೆ.

ಪ್ರಿಂಟರ್ ಆಫ್ ಮಾಡಿ, ಕಾಗದ ಮುಂದೆ ತಳ್ಳುವ ಫೀಡ್ ಬಟನ್ ಒತ್ತಿ ಹಿಡಿದುಕೊಂಡೇ ಪವರ್ ಬಟನ್ ಒತ್ತಿ. ಹೆಚ್ಚಿನ ಮಾದರಿಗಳಲ್ಲಿ ಸೆಲ್ಫ್ ಟೆಸ್ಟ್ ಚೀಟಿ ಬರುತ್ತದೆ. ಅದರಲ್ಲಿ 12 ಅಂಕಿ-ಅಕ್ಷರಗಳ ಬ್ಲೂಟೂತ್ ವಿಳಾಸವಿದ್ದರೆ ಕೊನೆಯ 4ನ್ನು ಬರೆದು ಪ್ರಿಂಟರ್ ತಳಕ್ಕೆ ಅಂಟಿಸಿ. ತಯಾರಕರ ಸೆಟ್ಟಿಂಗ್ ಆ್ಯಪ್ ಇದ್ದರೆ ಹೆಸರು, ಪಿನ್ ಎರಡನ್ನೂ ಬದಲಿಸಿ. ಆಮೇಲೆ ಮೊಬೈಲ್ ಪಟ್ಟಿಯಲ್ಲಿರುವ ಪ್ರಿಂಟರ್‌ಗಳನ್ನೆಲ್ಲ ಅಳಿಸಿ, ನಿಮ್ಮದೊಂದನ್ನೇ ಮತ್ತೆ ಪೇರ್ ಮಾಡಿ. ಇದು ಮನೆಯಲ್ಲೇ ಆಗಲಿ, ಸಂತೆಯಲ್ಲಿ ಖಂಡಿತ ಬೇಡ. ಹಳೆಯ ಬಗೆಯ ಪಿನ್ ಪೇರಿಂಗ್ ನಡೆಯುವಾಗ ಹತ್ತಿರದಲ್ಲಿ ಯಾರಾದರೂ ಆ ಸಂಕೇತಗಳನ್ನು ಹಿಡಿದಿಟ್ಟುಕೊಂಡರೆ, 4 ಅಂಕಿಯ ಪಿನ್‌ನ 10,000 ಸಾಧ್ಯತೆಗಳನ್ನು ಕಂಪ್ಯೂಟರ್ ಕ್ಷಣದಲ್ಲಿ ಜಾಲಾಡುತ್ತದೆ. ಪಿನ್ ಬದಲಿಸಲಾಗದ ಪ್ರಿಂಟರಾದರೆ ಅಂಗಡಿಯಿಂದ ಅಂಗಡಿಗೆ ನಡೆಯುವಾಗ ಆಫ್ ಮಾಡಿ. ಆನ್ ಇದ್ದೂ ಕನೆಕ್ಟ್ ಆಗಿರದ ಪ್ರಿಂಟರ್, ಪಿನ್ ಗೊತ್ತಿದ್ದವರು ಯಾರು ಕರೆದರೂ ಓಗೊಡುತ್ತದೆ.

ರಸೀದಿ ಅರ್ಧಕ್ಕೆ ನಿಂತಾಗಲೂ ಸೆಲ್ಫ್ ಟೆಸ್ಟ್ ಮಾಡಿ. ಚೀಟಿಯ ನಡುವೆಯೇ ಪ್ರಿಂಟರ್ ಆಫ್ ಆದರೆ ಬ್ಯಾಟರಿ ಸೋತಿರುವುದೇ ಹೆಚ್ಚು. ಬಿಸಿಯಿಂದ ಅಚ್ಚು ಹಾಕುವ ಹೆಡ್ ಬಿಸಿಯಾಗಲು ಒಮ್ಮೆಗೇ ಎಳೆಯುವ ಕರೆಂಟನ್ನು ಅದು ಕೊಡಲಾರದು. ಚೀಟಿ ಪೂರ್ತಿ ಬಂದರೆ ಸಂಪರ್ಕವನ್ನು ಅನುಮಾನಿಸಿ. ಬ್ಲೂಟೂತ್‌ನ 2.4 ಗಿಗಾಹರ್ಟ್ಸ್ ಅಲೆಯನ್ನು ಮೈಯ ನೀರಿನಂಶ ಹೀರಿಕೊಳ್ಳುತ್ತದೆ. ಬಯಲಲ್ಲಿ 10 ಮೀಟರ್ ತಲುಪುವ ಸಂಕೇತ, ಪ್ರಿಂಟರ್ ಹೊಟ್ಟೆಯ ಮುಂದೆ, ಮೊಬೈಲ್ ಹಿಂಜೇಬಿನಲ್ಲಿ ಇದ್ದಾಗ ತಡವರಿಸಬಹುದು. ಮೊಬೈಲನ್ನು ಮುಂದೆ ಹಿಡಿದೇ ಪ್ರಿಂಟ್ ಕೊಡಿ.

ನಿಜವಾದ ನಷ್ಟ ಆಗುವುದು ಇದರ ನಂತರ. ರಸೀದಿ ಬರಲಿಲ್ಲವೆಂದು ಮೊತ್ತವನ್ನು ಮತ್ತೆ ನಮೂದಿಸಬೇಡಿ. ಖಾತೆಗೆ ಎರಡು ಸಲ ಜಮೆಯಾಗಿ, ಸಂಜೆ ಲೆಕ್ಕ ಕೊಡುವಾಗ ನಿಮ್ಮ ಕೈಯಿಂದ ಕಟ್ಟಬೇಕಾದೀತು. ಅದೇ ರಸೀದಿ ಸಂಖ್ಯೆಯ ನಕಲು ತೆಗೆಯಿರಿ. ಬೇರೆಯವರ ಕೈಗೆ ಚೀಟಿ ಸಿಕ್ಕರೂ ಖಾತೆ ಬಯಲಾಗದಂತೆ, ಖಾತೆ ಸಂಖ್ಯೆಯ ಕೊನೆಯ 4 ಅಂಕಿ ಮಾತ್ರ ಅಚ್ಚಾಗುವ ಹಾಗೆ ಸಂಘದವರಿಂದ ಮಾಡಿಸಿ.

ಇಂಥ ಪ್ರಿಂಟರ್‌ಗಳ ಬ್ಲೂಟೂತ್ ಬಹುಪಾಲು 2ನೇ ದರ್ಜೆಯದು, ಗರಿಷ್ಠ 2.5 ಮಿಲಿವ್ಯಾಟ್. ಪೇಸ್‌ಮೇಕರ್ ಇರುವವರ ಎದೆಯಿಂದ 15 ಸೆಂಟಿಮೀಟರ್ ದೂರವಿದ್ದರೆ ಸಾಕು. ಕೌಂಟರಿನ ಈಚೆ ನಿಂತು ಧಾರಾಳವಾಗಿ ಬಳಸಿ. ಚೀಲದ ಮುಚ್ಚಳಕ್ಕೆ ಅಯಸ್ಕಾಂತದ ಗುಂಡಿಯಿದ್ದರೆ ಅದನ್ನೂ ಅಷ್ಟೇ ದೂರ ಇಡಿ. ನಮ್ಮ ಮಟ್ಟಿಗೆ ಹೆಚ್ಚು ಎಚ್ಚರ ಬೇಕಾದದ್ದು ಆ ಗುಂಡಿಯ ಬಗ್ಗೆ. ಪೆಟ್ರೋಲ್ ಬಂಕ್‌ನಲ್ಲೂ ಪಿಗ್ಮಿ ಕಟ್ಟುವವರಿದ್ದರೆ ಪಂಪ್ ಬಳಿ ಪ್ರಿಂಟರ್ ಆನ್ ಮಾಡಬೇಡಿ, ಆಫೀಸ್ ಕೋಣೆಯೊಳಗೆ ಹೋಗಿ ರಸೀದಿ ಕೊಡಿ.