ಕಾಲು ಯಾಕೆ ಮುಳುಗುತ್ತಿದೆ?

ಅವರನ್ನು ಇಲ್ಲಿ ಸುಮಾ ಎನ್ನೋಣ. ವಯಸ್ಸು 43. ಸಕಲೇಶಪುರದ ಕಡೆಯ ತೋಟದ ಮನೆಯಲ್ಲಿ ಬೆಳೆದವರು, ಈಗ ಹಾಸನದಲ್ಲಿದ್ದಾರೆ. ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

"ಮೇಡಂ, ನಂಗೆ ನೀರು ಕಂಡ್ರೆ ಭಯ ಶುರುವಾಗಿದೆ" ಎನ್ನುತ್ತಲೇ ಆಪ್ತಸಮಾಲೋಚಕಿಯಾದ ನನ್ನೆದುರು ಕೂತರು. ಎರಡು ವರ್ಷದಲ್ಲಿ 104 ಕೇಜಿಯಿಂದ 66ಕ್ಕೆ ಇಳಿದಿದ್ದರು. ಆಪರೇಷನ್ ಏನಿಲ್ಲ, ಊಟ ಬದಲಿಸಿ, ನಡೆದು ನಡೆದು ಇಳಿಸಿದ್ದು. ಬೇಸಿಗೆಯಲ್ಲಿ ತವರಿಗೆ ಹೋದಾಗ ತೋಟದ ಕೆರೆಗಿಳಿದು, ಎಂದಿನ ಹಾಗೆ ಅಂಗಾತ ಮಲಗಿದ್ದಾರೆ. ಮೊದಲು ಹಿಮ್ಮಡಿ ಇಳಿಯಿತು, ಆಮೇಲೆ ಸೊಂಟ, ಆಮೇಲೆ ಮೂಗಿಗೆ ನೀರು. ಎದೆಮಟ್ಟದ ನೀರಲ್ಲಿ ತಮ್ಮನ ಭುಜ ಹಿಡಿದುಕೊಂಡು ಅತ್ತರಂತೆ.

ಎರಡು ಭೇಟಿ ಪೂರ್ತಿ ನಾನು ಭಯದ ಬೇರು ಹುಡುಕಿದೆ. ಚಿಕ್ಕಂದಿನಲ್ಲಿ ಯಾರಾದರೂ ಮುಳುಗಿದ್ದು ನೋಡಿದ್ರಾ? ಮನೆಯಲ್ಲಿ ಏನಾದರೂ ತೊಂದರೆಯಾ? ಏನೂ ಸಿಗಲಿಲ್ಲ. ನಮ್ಮ ಕಸುಬಿನವರಿಗೆ ಇದೊಂದು ಚಟ, ಕಾಲು ಮುಳುಗಿದರೂ ಮನಸ್ಸನ್ನೇ ತಡಕುತ್ತೇವೆ. ಕೊನೆಗೆ ಈಜು ಕಲಿಸುವ ಪರಿಚಯದವರೊಬ್ಬರನ್ನು ಕೇಳಿದೆ. ಅವರು ನಕ್ಕುಬಿಟ್ಟರು. "ಕೊಬ್ಬು ಹೋದ್ರೆ ಕಾಲು ಮುಳುಗದೆ ಇನ್ನೇನಾಗುತ್ತೆ?"

ಮುಂದಿನ ಭೇಟಿಯಲ್ಲಿ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಬಿಸಿ ಸಾರಿನ ಮೇಲೆ ತುಪ್ಪ ತೇಲುತ್ತಲ್ಲ, ಹಾಗೇ ಮೈಯ ಕೊಬ್ಬೂ ನೀರಿಗಿಂತ ಹಗುರ. ಒಂದು ಲೀಟರ್ ನೀರು 1 ಕೇಜಿ, ಅಷ್ಟೇ ಕೊಬ್ಬು ಸುಮಾರು 900 ಗ್ರಾಂ. ಮಾಂಸಖಂಡ, ಮೂಳೆ ನೀರಿಗಿಂತ ಭಾರ. ಹೋದ 38 ಕೇಜಿಯಲ್ಲಿ 30 ಕೇಜಿ ಕೊಬ್ಬು ಅಂತಿಟ್ಟುಕೊಂಡರೂ ಅದು ಹಿಡಿದಿದ್ದ ಜಾಗ 33 ಲೀಟರ್. ಅಷ್ಟು ಜಾಗದ ನೀರು 33 ಕೇಜಿ ತೂಗುತ್ತೆ, ಕೊಬ್ಬು 30 ಮಾತ್ರ. ಜೊತೆಗೆ ಹೋದ ಉಳಿದ 8 ಕೇಜಿ ನೀರಿಗಿಂತ ಸ್ವಲ್ಪ ಭಾರದ್ದು ಅಂತ ಕಳೆದರೆ, ಅವರನ್ನು ಮೇಲೆ ಹಿಡಿದಿಟ್ಟಿದ್ದ ಬಲದಲ್ಲಿ ಎರಡೂವರೆ, ಮೂರು ಕೇಜಿಯಷ್ಟು ಖೋತಾ. ಶ್ವಾಸಕೋಶದಲ್ಲಿ ಗಾಳಿ ಇರುವುದರಿಂದ ಎದೆ ಮೇಲೇ ಇರುತ್ತೆ. ಸೊಂಟ, ತೊಡೆಯ ಕೊಬ್ಬು ಕರಗಿದ ಮೇಲೆ ಕಾಲನ್ನು ಎತ್ತಿ ಹಿಡಿಯುವವರು ಯಾರು?

ಸುಮಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಎಲ್ಲ ಕಡೆ ದಪ್ಪ ದಪ್ಪ ಅನ್ನಿಸಿಕೊಂಡೆ ಮೇಡಂ. ಆ ಕೆರೇಲಿ ಮಾತ್ರ ನಾನೇ ಜಾಣೆ. ತಮ್ಮ ಕೈಕಾಲು ಬಡೀತಿದ್ದ, ನಾನು ಹಾಯಾಗಿ ಮಲಗಿರ್ತಿದ್ದೆ. ಈಗ ಎಲ್ರೂ ಹೊಗಳ್ತಾರೆ. ಆ ಮೈ ನೆನಪಾಗುತ್ತೆ ಅಂತ ಯಾರ ಹತ್ರ ಹೇಳ್ಲಿ?"

ನನ್ನ ಹತ್ರ ಹೇಳಿ ಎಂದೆ. ಹಳೇ ಮೈ ನೆನೆದು ಅತ್ತರೆ ತೂಕ ಇಳಿಸಿದ್ದು ತಪ್ಪಾಯಿತು ಅಂತ ಅರ್ಥವಲ್ಲ. ಆ ಭೇಟಿ ಪೂರ್ತಿ ಕೆರೆಯ ಕಥೆಯಲ್ಲೇ ಕಳೆಯಿತು.

ಕೊಟ್ಟ ಸಲಹೆ ಇಷ್ಟು. ಕೆರೆ ಸದ್ಯಕ್ಕೆ ಬೇಡ. ಈಜುಕೊಳದಲ್ಲಿ, ಎದೆಮಟ್ಟದ ನೀರಲ್ಲಿ, ಕಲಿಸುವವರು ಪಕ್ಕದಲ್ಲಿದ್ದಾಗ ಹೊಸಬರ ಹಾಗೆ ಶುರು ಮಾಡಿ. ಚಿಕ್ಕವರಿದ್ದಾಗ ಬೆನ್ನಿಗೆ ಖಾಲಿ ಡಬ್ಬ ಕಟ್ಟಿಕೊಂಡು ಕಲಿತವರು ನೀವು, ಈಗ ತೊಡೆ ನಡುವೆ ಫ್ಲೋಟ್ ಇಟ್ಟುಕೊಳ್ಳೋಕೆ ನಾಚಿಕೆ ಯಾಕೆ? ಎದೆ ತುಂಬ ಉಸಿರೆಳೆದುಕೊಳ್ಳಿ, ಪೂರ್ತಿ ಖಾಲಿ ಮಾಡದೆ ಬೇಗ ಮತ್ತೆ ಎಳೆದುಕೊಳ್ಳಿ. ಕಿವಿ ನೀರೊಳಗಿರಲಿ. ಕೈಗಳನ್ನು ನೀರಲ್ಲೇ ತಲೆಯ ಆಚೆಗೆ ಚಾಚಿದರೆ ಭಾರ ಆ ಕಡೆ ಸರಿದು ಕಾಲು ಸ್ವಲ್ಪ ಏಳುತ್ತೆ. ಅಷ್ಟಕ್ಕೂ ಏಳದಿದ್ದರೆ ಮೆಲ್ಲಗೆ ಕಾಲು ಬಡಿಯಿರಿ, ಅದೇನು ಸೋಲಲ್ಲ. ಇನ್ನೊಂದು, ಕೊಬ್ಬು ಕಂಬಳಿಯ ಕೆಲಸವನ್ನೂ ಮಾಡುತ್ತಿತ್ತು. ಈಗ ಚಳಿ ಬೇಗ ಹತ್ತುತ್ತೆ, ನಡುಕ ಬಂದ ಕೂಡಲೇ ಎದ್ದುಬನ್ನಿ. ನೀರಿನ ಹೊರಗೂ ಜಾಸ್ತಿ ಚಳಿ, ತಲೆಸುತ್ತು ಇದ್ದರೆ ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಎರಡು ತಿಂಗಳ ಮೇಲೆ ಬಂದರು. "ಕಾಲು ಇನ್ನೂ ಇಳಿಯುತ್ತೆ, ಓರೆಯಾಗಿ ತೇಲ್ತೀನಿ" ಎಂದರು. ಅವತ್ತೇ ತವರಿಗೆ ಹೊರಟಿದ್ದರು. ಚೀಲದಲ್ಲಿ ಸ್ವೆಟರ್ ಮೇಲೆ ಫ್ಲೋಟ್ ಇಟ್ಟಿದ್ದರು, ಜಿಪ್ ಹಾಕಲು ಆಗಿರಲಿಲ್ಲ.

"ತಮ್ಮ ನೋಡಿದ್ರೆ ನಗ್ತಾನೆ ಮೇಡಂ."

ನಗಲಿ ಬಿಡಿ, ನೀರಿಗಿಳಿದು ನಿಮ್ಮ ಪಕ್ಕದಲ್ಲೇ ನಿಂತು ನಗೋಕೆ ಹೇಳಿ ಎಂದೆ.