ಡೌನ್ ಸ್ಲೀಪಿಂಗ್ ಬ್ಯಾಗ್ ತೊಳೀಬಹುದು, ಆದರೆ ಈ ಮಳೇಲಿ ಬೇಡ

ಮೂಡಿಗೆರೆ ಸರ್, ಮೂರು ವರ್ಷ ಬಳಸಿದ ಡೌನ್ (ಹಕ್ಕಿ ಪುಕ್ಕ ತುಂಬಿದ) ಸ್ಲೀಪಿಂಗ್ ಬ್ಯಾಗು, ಕತ್ತಿನ ಹತ್ತಿರ ಕಪ್ಪಾಗಿದೆ, ಮೊದಲಿನಷ್ಟು ಉಬ್ಬಲ್ಲ, ಡಿಸೆಂಬರಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಚಾರಣ ಹೋಗೋದರೊಳಗೆ ತೊಳೀಬೇಕು ಅಂದಿದ್ದೀರಿ. ಮನೆಯಲ್ಲೇ ತೊಳೀಬಹುದು. ಆದರೆ ಈಗ ಬೇಡ. ಆಶ್ಲೇಷ ಮಳೆ ಹೊಡೀತಿರೋವಾಗ ಒಗೆದ ಪಂಚೆನೇ ಎರಡು ದಿನ ಹಸಿ ಇರುತ್ತೆ. ಇದು ಒದ್ದೆಯಾದರೆ ಒಣಗೋ ಮೊದಲೇ ಒಳಗೆ ಬೂಷ್ಟು ಹಿಡಿಯುತ್ತೆ, ಆ ವಾಸನೆ ಬಿಡಿಸೋದು ಬಹಳ ಕಷ್ಟ.

ಮೊದಲು ಒಳಗಿನ ಲೇಬಲ್ ನೋಡಿ. ಡೌನ್ ಅಂತಿದ್ದರೆ ಮಾತ್ರ ಇಷ್ಟೆಲ್ಲ ರಗಳೆ. ಪಾಲಿಯೆಸ್ಟರ್ ಅಂತಿದ್ದರೆ ಕೆಲಸ ಅರ್ಧಕ್ಕರ್ಧ ಕಡಿಮೆ, ಬೇಗ ಒಣಗುತ್ತೆ.

ಡೌನ್ ಅಂದರೆ ಬಾತುಕೋಳಿ ಅಥವಾ ಹೆಬ್ಬಾತಿನ ಎದೆಯ ಮೆತ್ತನೆ ಪುಕ್ಕ. ಬೆಚ್ಚಗಿಡೋದು ಪುಕ್ಕಕ್ಕಿಂತ ಹೆಚ್ಚಾಗಿ ಅದರ ಎಳೆಗಳ ನಡುವೆ ನಿಂತ ಗಾಳಿ. ಲೇಬಲ್ ಮೇಲೆ 650 ಫಿಲ್ ಪವರ್ ಅಂತಿದ್ದರೆ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಪುಕ್ಕ 650 ಘನ ಇಂಚು ಜಾಗ ತುಂಬುತ್ತೆ ಅಂತ. ಮೈಯ ಜಿಡ್ಡು, ಬೆವರು ಬಟ್ಟೆ ದಾಟಿ ಒಳಗಿಳಿದರೆ ಎಳೆಗಳು ಅಂಟಿಕೊಂಡು ಉಬ್ಬು ಹೋಗುತ್ತೆ. ನಿಮ್ಮದಕ್ಕೂ ಅದೇ ಆಗಿರಬೇಕು, ತೊಳೆದರೆ ಬಹುಪಾಲು ಸರಿಹೋಗುತ್ತೆ.

ಮೇಲಿನ ಕಾಮೆಂಟಲ್ಲಿ ಒಬ್ಬರು ಮಾಮೂಲಿ ಪೌಡರ್, ಕಂಫರ್ಟ್ ಹಾಕಿ ಮೆಷಿನ್ನಿಗೆ ಬಿಡಿ ಅಂದಿದ್ದಾರೆ. ದಯವಿಟ್ಟು ಬೇಡ. ಈಗಿನ ಎಷ್ಟೋ ಪೌಡರುಗಳಲ್ಲಿ ಎಂಜೈಮ್ ಇರುತ್ತೆ, ಅದು ಬಟ್ಟೆ ಮೇಲಿನ ಪ್ರೋಟೀನ್ ಕಲೆ ಕರಗಿಸೋಕೇ ಇರೋದು. ಪುಕ್ಕವೂ ಪ್ರೋಟೀನೇ. ಕಂಫರ್ಟ್ ಥರದ್ದು ಎಳೆಗಳ ಮೇಲೆ ಲೇಪ ಕೂರಿಸಿ ಉಬ್ಬು ಇಳಿಸುತ್ತೆ. ಟಾಪ್ ಲೋಡ್ ಮೆಷಿನ್ನಿನ ನಡುವೆ ಕಂಬ ಇದ್ದರೆ ಬ್ಯಾಗಿನ ಒಳಗೆ ಪುಕ್ಕವನ್ನ ಅಲ್ಲಲ್ಲೇ ಹಿಡಿದಿಡೋ ತೆಳು ಬಟ್ಟೆಯ ಅಡ್ಡಗೋಡೆ ಹರಿದುಹೋಗಬಹುದು, ಆಮೇಲೆ ಪುಕ್ಕ ಎಲ್ಲ ಒಂದು ಕಡೆ ಸೇರಿಕೊಳ್ಳುತ್ತೆ. ಡ್ರೈಕ್ಲೀನಿಂಗಿಗೂ ಕೊಡಬೇಡಿ, ಆ ದ್ರಾವಕ ಪುಕ್ಕದ ಸಹಜ ಎಣ್ಣೆಯನ್ನೇ ತೆಗೆದುಬಿಡುತ್ತೆ. ಅಂಟುವಾಳದ ನೊರೆ ಮೃದುವೇ, ಆದರೆ ಸಿಪ್ಪೆ ಚೂರು ಒಳಗೆ ಸೇರೋ ರಗಳೆ ಯಾರಿಗೆ ಬೇಕು, ನಾನಾದರೆ ಹಾಕಲ್ಲ. ನಿಕ್‌ವ್ಯಾಕ್ಸ್ ಡೌನ್ ವಾಶ್ ಡೈರೆಕ್ಟ್ ಥರದ, ಡೌನಿಗೆಂದೇ ಮಾಡಿದ ಸೋಪು ಆನ್‌ಲೈನಲ್ಲಿ ತರಿಸಿಕೊಳ್ಳಿ. ದುಬಾರಿ ಅನಿಸುತ್ತೆ, ಬ್ಯಾಗಿನ ಬೆಲೆ ನೆನಪಿಸಿಕೊಂಡರೆ ಅನಿಸಲ್ಲ.

ಒಗೆಯೋದು ದೊಡ್ಡ ಕೆಲಸ ಅಲ್ಲ. ನೀರಿಗೆ ಹಾಕೋ ಮೊದಲು ಬ್ಯಾಗನ್ನ ತೂಕ ಮಾಡಿ ಬರೆದಿಟ್ಟುಕೊಳ್ಳಿ, ಯಾಕೆ ಅಂತ ಆಮೇಲೆ ಹೇಳ್ತೀನಿ. ಕತ್ತಿನ ಕಪ್ಪನ್ನ ಮೆತ್ತನೆ ಬ್ರಷ್ಷಿನಲ್ಲಿ ಮೊದಲೇ ಮೆಲ್ಲಗೆ ಉಜ್ಜಿ. ಜಿಪ್ ಹಾಕಿ, ಒಳಗಿನದನ್ನ ಹೊರಗೆ ತಿರುವಿ, ದೊಡ್ಡ ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು ತುಂಬಿ, ಆ ಸೋಪು ಬೆರೆಸಿ ಮುಳುಗಿಸಿ. ಗಾಳಿ ತುಂಬಿ ತೇಲುತ್ತೆ, ಕೈಯಲ್ಲಿ ಅದುಮುತ್ತಾ ನೀರು ಕುಡಿಸಿ. ಟಬ್ಬಿನಲ್ಲಿ ಉಜ್ಜೋದು, ಕಲ್ಲಿಗೆ ಬಡಿಯೋದು, ಹಿಂಡೋದು ಯಾವುದೂ ಬೇಡ. ಆಮೇಲೆ ನೊರೆ ಹೋಗೋತನಕ ಹೊಸ ನೀರು ಬದಲಿಸುತ್ತಾ ಇರಿ, ಇಲ್ಲಿ ಸೋಮಾರಿತನ ಮಾಡಿದರೆ ಸೋಪೇ ಒಳಗೆ ಉಳಿದು ಪುಕ್ಕ ಅಂಟುತ್ತೆ. ಬೋರ್ ನೀರು ಗಡಸಾಗಿದ್ದರೆ ಇನ್ನೂ ಒಂದೆರಡು ಸಲ ಹೆಚ್ಚು ತೊಳೆಯಿರಿ. ಫ್ರಂಟ್ ಲೋಡ್ ಇದ್ದು, ಬ್ಯಾಗು ಸಡಿಲವಾಗಿ ಕೂತರೆ ಡೆಲಿಕೇಟಿನಲ್ಲಿ ಹಾಕಬಹುದು.

ತೆಗೆಯೋವಾಗ ಒಂದು ಮೂಲೆ ಹಿಡಿದು ಎತ್ತಲೇಬೇಡಿ. ನೀರಿನ ಭಾರಕ್ಕೆ ಒಳಗಿನ ಹೊಲಿಗೆ ಕಿತ್ತುಬರುತ್ತೆ. ಅಡಿಗೆ ಎರಡೂ ಕೈ ಕೊಟ್ಟು ಮಗುವಿನ ಥರ ಎತ್ತಿ, ನೀರನ್ನ ಒತ್ತಿ ಇಳಿಸಿ, ಹಗ್ಗಕ್ಕೆ ಹಾಕದೆ ಅಗಲವಾಗಿ ಹರಡಿ.

ನಿಜವಾದ ಕೆಲಸ ಇರೋದು ಒಣಗಿಸೋದರಲ್ಲಿ. ಟಂಬಲ್ ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ ಎರಡು ಮೂರು ಶುದ್ಧವಾದ ಟೆನಿಸ್ ಚೆಂಡು ಹಾಕಿ ಹಲವು ಗಂಟೆ ತಿರುಗಿಸಿ, ಚೆಂಡು ಗಂಟುಗಳನ್ನ ಒಡೆಯುತ್ತೆ. ಬೆಂಗಳೂರಿಗೆ ಹೋಗೋದಿದ್ದರೆ ದೊಡ್ಡ ಡ್ರೈಯರ್ ಇರೋ ಲಾಂಡ್ರಿ ಹುಡುಕಿ, ಸೋಪು ನಿಮ್ಮದೇ ಒಯ್ಯಿರಿ. ಅದಿಲ್ಲದಿದ್ದರೆ ನಮ್ಮ ಜಿಲ್ಲೆ, ಪಕ್ಕದ ಹಾಸನ ಜಿಲ್ಲೆಯಲ್ಲೇ ಉಪಾಯ ಇದೆ. ಮೂಡಿಗೆರೆಯಲ್ಲಿ ಸೂರ್ಯನ ಮುಖ ಕಾಣದ ದಿನವೂ ಕಡೂರು, ಅರಸೀಕೆರೆ ಕಡೆ ಬಿಸಿಲು, ಒಣಗಾಳಿ ಸಿಗೋದುಂಟು. ಅಲ್ಲಿ ನೆಂಟರಿದ್ದರೆ ಬ್ಯಾಗನ್ನ ಒಣಗಿದ್ದಾಗಲೇ ಒಯ್ದು ಅಲ್ಲೇ ತೊಳೆದು ಅಲ್ಲೇ ಒಣಗಿಸಿ. ಇಲ್ಲವೆಂದರೆ ದೀಪಾವಳಿ ಕಳೆದ ಮೇಲೆ ಹವಾ ನೋಡಿ, ಮೂರ್ನಾಲ್ಕು ದಿನ ಬಿಸಿಲು ಗಟ್ಟಿಯಾಗಿ ಸಿಗುತ್ತೆ ಅನ್ನೋವಾಗ ಶುರು ಮಾಡಿ.

ಹಗ್ಗದ ಮಂಚ ಅಥವಾ ನರ್ಸರಿಗೆ ಕಟ್ಟೋ ಹಸಿರು ನೆಟ್ ಬಿಗಿಯಾಗಿ ಕಟ್ಟಿ ಅದರ ಮೇಲೆ ಹರಡಿದರೆ ಕೆಳಗಿಂದಲೂ ಗಾಳಿ ಆಡುತ್ತೆ. ಮಧ್ಯಾಹ್ನದ ಬಿಸಿಲಿಗೆ ಇಡೀ ದಿನ ಬಿಡಬೇಡಿ, ನೈಲಾನ್ ಸವೆಯುತ್ತೆ. ಮೊದಲಿಗೆ ಪುಕ್ಕ ಒದ್ದೆ ಗಂಟುಗಂಟಾಗಿ ಬ್ಯಾಗು ಕೆಟ್ಟೇ ಹೋಯಿತು ಅನಿಸುತ್ತೆ, ಗಾಬರಿ ಬೇಡ. ಗಂಟೆಗೊಂದು ಸಲ ಮಗುಚಿ, ಗಂಟುಗಳನ್ನ ಬೆರಳಲ್ಲಿ ಮೆಲ್ಲಗೆ ಬಿಡಿಸುತ್ತಾ ಹೋಗಿ. ರಾತ್ರಿ ಒಳಗೆ ತಂದು ಫ್ಯಾನ್ ಕೆಳಗೆ ಹಾಕಿ. ಬಚ್ಚಲು ಒಲೆ ಹತ್ತಿರ ಬಟ್ಟೆ ಒಣಗಿಸೋ ಅಭ್ಯಾಸ ನಮಗೆಲ್ಲ ಇದೆ, ಇದನ್ನ ಮಾತ್ರ ಅಲ್ಲಿಗೆ ಒಯ್ಯಬೇಡಿ. ಒಂದು ಕಿಡಿ ಸಾಕು ತೂತಾಗೋಕೆ, ಹೊಗೆ ವಾಸನೆ ಬೇರೆ.

ಇನ್ನು ತೂಕದ ಮಾತು. ಹೊರಬಟ್ಟೆ ಒಣಗಿದ್ದು ನಂಬೋ ಹಾಗಿಲ್ಲ, ಒಳಗೆ ತೇವ ಇರುತ್ತೆ. ಮೊದಲು ಬರೆದಿಟ್ಟ ತೂಕಕ್ಕೆ ಇಳಿಯೋತನಕ ಒಣಗಿಸಿ, ಐವತ್ತು ಗ್ರಾಂ ಹೆಚ್ಚು ತೋರಿಸಿದರೂ ಇನ್ನೊಂದು ದಿನ. ತೂಕ ಸರಿ ಬಂದ ಮೇಲೂ ಬೆಳಕಿಗೆ ಹಿಡಿದು ನೋಡಿ, ಗಂಟಿನ ನೆರಳು ಕಂಡರೆ ಆ ಜಾಗ ಇನ್ನೂ ಹಸಿ.

ಸದ್ಯಕ್ಕೆ, ಮಳೆ ಮುಗಿಯೋತನಕ, ಕತ್ತಿನ ಭಾಗದ ಪುಕ್ಕವನ್ನ ಒಳಕ್ಕೆ ಸರಿಸಿ ಬಟ್ಟೆಯನ್ನಷ್ಟೇ ಹಿಡಿದು ಒದ್ದೆ ಸ್ಪಂಜಿನಲ್ಲಿ ಒರೆಸಿ. ಬ್ಯಾಗು ಪುಟ್ಟ ಚೀಲದಲ್ಲಿ ತುರುಕಿದ್ದರೆ ಇವತ್ತೇ ಬಿಚ್ಚಿ, ಹಳೇ ಬೆಡ್‌ಶೀಟ್ ಹೊಲಿಸಿದ ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿಡಿ, ಗೋದ್ರೆಜ್ ಬೀರುವಿನ ಮೇಲಾದರೂ ಸರಿ, ಗೋಡೆಗೆ ತಾಗದ ಹಾಗೆ. ಮುಂದೆ ಚಾರಣಕ್ಕೆ ಒಳಗೊಂದು ಹತ್ತಿ ಲೈನರ್ (ತೆಳು ಒಳಚೀಲ) ಹಾಕಿ ಮಲಗಿದರೆ ಈ ಪ್ರಶ್ನೆ ಬೇಗ ಬರಲ್ಲ.

ಲೇಬಲ್ಲಿನ ಫೋಟೋ ಇಲ್ಲೇ ಹಾಕಿ ಸರ್, ತೊಳೆಯೋ ಚಿಹ್ನೆಗಳನ್ನ ನೋಡಿ ಹೇಳ್ತೀನಿ.